ಆಕಾಶ ಬೀಳುವ ಸುದ್ದಿ ಕೇಳಿದ ಜಗಲಿ

ಲೋಕ ಮುಳುಗುತ್ತದೆಂಬ ಸುದ್ದಿಯೂ ಆಗ ನಮ್ಮೂರು ಚಿತ್ತಾಕುಲಕ್ಕೆ ಕಾಳಿ ನದಿ ದಾಟಿಯೇ ಬರಬೇಕಿತ್ತು. ಸೇತುವೆ ಇನ್ನೂ ಆಗಿರಲಿಲ್ಲ. ಕೋಡಿಬಾಗದ ದಡದಿಂದ ಪೇಪರಿನ ಕಟ್ಟು, ಮೀನಿನ ಬುಟ್ಟಿ, ಕಾರವಾರದ ಪೇಟೆಗೆ ಹೋಗಿಬಂದವರು ಎಲ್ಲರೂ ಒಂದೇ ಲಾಂಚಿನಲ್ಲಿ ಸದಾಶಿವಗಡದ ಕಡೆಗೆ ಇಳಿಯುತ್ತಿದ್ದರು. ಇಳಿಯುವಷ್ಟರಲ್ಲಿ ಸುದ್ದಿ ಹತ್ತು ಬಾಯಿ ದಾಟಿ, ಅರ್ಧ ಭಯ ಅಲ್ಲೇ ನೀರಿನ ಮೇಲೆ ಕರಗಿರುತ್ತಿತ್ತು.

1979ರ ಮಳೆಗಾಲದಲ್ಲಿ ಹಾಗೆ ಬಂದದ್ದು ಸ್ಕೈಲ್ಯಾಬ್ ಸುದ್ದಿ. ಅಮೆರಿಕ 1973ರಲ್ಲಿ ಹಾರಿಸಿದ್ದ, ಎಪ್ಪತ್ತು ಟನ್ನಿಗೂ ಮಿಕ್ಕ ಭಾರದ ಬಾಹ್ಯಾಕಾಶ ನಿಲ್ದಾಣ ಅದು. ಸೂರ್ಯನ ಆರ್ಭಟ ಹೆಚ್ಚಿ, ಮೇಲಿನ ವಾತಾವರಣ ಉಬ್ಬಿ, ಎಣಿಸಿದ್ದಕ್ಕಿಂತ ಬೇಗ ಕೆಳಗಿಳಿಯತೊಡಗಿತ್ತು. ಎಲ್ಲಿ ಬೀಳುತ್ತದೆಂದು ಖಚಿತವಾಗಿ ಹೇಳುವವರಿರಲಿಲ್ಲ. ಭಾರತದ ಮೇಲೂ ಬಿದ್ದೀತು ಎಂಬ ಮಾತಿತ್ತು. ನಮಗಂತೂ ಅದು ನೇರ ನಮ್ಮ ಹೆಂಚಿನ ಮಾಡಿನ ಮೇಲೇ ಬೀಳುವುದೆಂಬ ನಂಬಿಕೆ.

ಹೊರಗೆ ಆಷಾಢದ ಮಳೆ. ದೋಣಿಗಳು ದಡ ಸೇರಿ ಮಡಲಿನ ಹೊದಿಕೆ ಹೊದ್ದಿದ್ದವು. ಕಡಲಿಗಿಳಿಯದ ಗಂಡಸರು, ನೆಟ್ಟಿ ಮುಗಿಸಿ ಬಂದ ಹೆಂಗಸರು, ನಾವು ಮಕ್ಕಳು, ಎಲ್ಲರೂ ಸಂಜೆಯಾದರೆ ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ. ಧಾರವಾಡ ಕೇಂದ್ರದ ವಾರ್ತೆ ಗರಗರ ಎನ್ನುತ್ತ ಬಂದುಹೋಗುವುದು. ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಅದರ ಮೇಲೆ ಚರ್ಚೆ. 1962ರಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಡಿದಾಗ ಎದ್ದ ಗುಲ್ಲನ್ನು ಕಂಡಿದ್ದ ಅಜ್ಜಿ, "ಆಗಲೂ ಹೀಗೇ ಹೇಳಿದ್ರು ತಮಾ, ಮರುದಿನ ಕೊಟ್ಟಿಗೆ ಸಗಣಿ ನಾನೇ ಬಾಚಬೇಕಾಯ್ತು" ಎನ್ನುತ್ತಿದ್ದಳು. ಯಕ್ಷಗಾನದ ಆಟದಲ್ಲಿ ಹಾಸ್ಯ ಮಾಡುತ್ತಿದ್ದ ನೆರೆಮನೆಯ ಮಾಮ ಹೆಗಲ ಕಂಬಳಿ ತಲೆಗೆ ಸುತ್ತಿ, ಸ್ಕೈಲ್ಯಾಬ್‌ನ ಒಡ್ಡೋಲಗ ಕುಣಿಯುವನು. ಬಿದ್ದು ಬಿದ್ದು ನಗುತ್ತಿದ್ದೆವು. ಹಬ್ಬಕ್ಕೆಂದು ಸಾಕಿದ ಕೋಳಿ ಕೆಲವರ ಮನೆಯಲ್ಲಿ ಮೊದಲೇ ಸಾರಾಯಿತು. ಬದುಕಿದರೆ ಹಬ್ಬಕ್ಕೆ ಒಣಮೀನಾದರೂ ಆದೀತು ಎಂಬ ಧೈರ್ಯ.

ಜುಲೈ 11ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ನೆಲಕ್ಕೂ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ಈಚೆಗೆ 'ಯು, ಮಿ ಅಂಡ್ ದಿ ಅಪೊಕ್ಯಾಲಿಪ್ಸ್' ಎಂಬ 2015ರ ಬ್ರಿಟಿಷ್ ಹಾಸ್ಯ ಧಾರಾವಾಹಿ ನೋಡುವಾಗ ಆ ಜಗಲಿ ನೆನಪಾಯಿತು. ಧೂಮಕೇತು ಭೂಮಿಗೆ ಬಡಿಯಲು 34 ದಿನವಿದೆ. ಕಡೆಗೆ ಸ್ಲೌ ಎಂಬ ಊರಿನ ನೆಲಮಾಳಿಗೆಯಲ್ಲಿ ಎಲ್ಲೆಲ್ಲಿಯವರೋ ಒಂದುಗೂಡಿ, ಲೋಕದ ಕೊನೆಯನ್ನು ಟಿವಿಯಲ್ಲಿ ನೋಡುತ್ತಾರೆ. ನಗು ಬರುವ ಕಥೆಯೇ. ನನಗೆ ಮಾತ್ರ ಗಂಟಲು ಕಟ್ಟಿತು. ಆ ಜನ ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ನಾನದನ್ನು ಮೊಬೈಲಿನಲ್ಲಿ ಒಬ್ಬನೇ ನೋಡುತ್ತಿದ್ದೆ. ಆಚೆಯ ಕೋಣೆಯಲ್ಲಿ ಮಗ, ಅವನ ಕಿವಿಯಲ್ಲಿ ಬೇರೆಯದೇ ಲೋಕ.

ಜಗಲಿಯಿಂದ ಈ ಒಂಟಿ ಕೋಣೆಗೆ ನಾವು ಬಂದದ್ದು ಒಮ್ಮೆಲೇ ಅಲ್ಲ. 1983ರಲ್ಲಿ ಕಾಳಿಗೆ ಸೇತುವೆಯಾಯಿತು. ಅದು ಕೊಟ್ಟದ್ದನ್ನು ಮರೆತರೆ ಪಾಪ ತಟ್ಟೀತು. ಹೆರಿಗೆ ನೋವಿನ ಹೆಣ್ಣುಮಕ್ಕಳು ನಡುರಾತ್ರಿ ಲಾಂಚಿಗೆ ಕಾಯುವುದು ತಪ್ಪಿತು, ಗೋವೆ ಹತ್ತಿರವಾಯಿತು. ಆದರೆ ಕಾಯುವುದು ತಪ್ಪಿದಾಗ, ಕಾಯುತ್ತ ಕೂತು ಆಡುತ್ತಿದ್ದ ಮಾತೂ ತಪ್ಪಿತು. ಆಮೇಲೆ ಮನೆಮನೆಗೆ ಟಿವಿ, ಕೈಕೈಗೆ ಫೋನು. ಜಗಲಿಗೆ ಗ್ರಿಲ್ಲು ಬಂತು. ಮಾಮನ ಕಂಬಳಿ ಕುಣಿತ ನೋಡಿದವರಲ್ಲಿ ಉಳಿದವರು ಕೆಲವರೇ.

ಆಕಾಶ ನಮ್ಮ ಮೇಲೆ ಬೀಳಲಿಲ್ಲ. ನಂಬಿದ್ದ ಸೇತುವೆಯೇ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಅದಕ್ಕೆ ಮೂರು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜರಿದು ಜೀವಗಳನ್ನು ಒಯ್ದಿತ್ತು. ಆ ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಕೇರಿಯ ಪ್ರತಿ ಕಿಟಕಿಯಲ್ಲೂ ಫೋನಿನ ನೀಲಿ ಬೆಳಕು. ಅದೇ ವಿಡಿಯೋ, ಅದೇ ನಿಟ್ಟುಸಿರು, ಎಲ್ಲರದೂ ಬೇರೆ ಬೇರೆ ಕೋಣೆಯಲ್ಲಿ. ಭಯ ಅಂದಿಗಿಂತ ಎಷ್ಟೋ ಪಾಲು ನಿಜವಾಗಿತ್ತು. ಹೆಗಲು ಕೊಡುವ ನಗು ಮಾತ್ರ ಇರಲಿಲ್ಲ.

ಸೇತುವೆ ಬಿದ್ದ ರಾತ್ರಿ ಲಾರಿಯೊಂದಿಗೆ ನೀರುಪಾಲಾಗುತ್ತಿದ್ದ ಚಾಲಕನನ್ನು ಪೊಲೀಸರೂ ನಮ್ಮ ಮೀನುಗಾರರೂ ಸೇರಿ ಬದುಕಿಸಿದರು. ಬಿದ್ದವನನ್ನು ಎತ್ತುವ ಕೈ ಕಾಳಿಯ ದಡದಲ್ಲಿ ಇನ್ನೂ ಬತ್ತಿಲ್ಲ. ಆದರೆ ನಾವೀಗ ಕೂಡುವುದು ಅನಾಹುತ ಆದಮೇಲೆ. ಅದಕ್ಕೂ ಮೊದಲಿನ ದೀರ್ಘ ಅಂಜಿಕೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಬಾಗಿಲು ಹಾಕಿಕೊಂಡೇ ಕಳೆಯುತ್ತೇವೆ. ಮಳೆ ಇನ್ನೂ ಬರುತ್ತದೆ, ಗುಡ್ಡಗಳು ಇನ್ನೂ ಸಡಿಲವಾಗೇ ಇವೆ. ಹೆದರಿಕೆಯಾದ ಸಂಜೆ ಒಮ್ಮೆ ಫೋನಿಟ್ಟು ನೆರೆಮನೆಗೆ ಹೋಗಿ ಕೂಡೋಣ. ಅಂಜಿದ ಮಕ್ಕಳನ್ನು ನಗಿಸುವ ಹಿರಿಯರಾಗುವ ಸರದಿ ಈಗ ನಮ್ಮದು.