ಇಗರ್ಜಿಯ ಶಾಲೆಯ ವಾರ

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇಗರ್ಜಿಯೊಂದು ಎಲ್ಲಿರುವುದೋ ಅಲ್ಲಿ ಅದರ ಮಗ್ಗುಲಿಗೆ ಹಂಚಿನ ಮಾಡಿನ ಶಾಲೆಯೊಂದು ಇರುವುದನ್ನು ವಾಚಕರು ಕಂಡೇ ಇರುವರು. ಎರಡಕ್ಕೂ ಒಂದೇ ಅಂಗಳ, ಒಂದೇ ಬಾವಿ. ಇಗರ್ಜಿಯ ಪಾದ್ರಿಗಳೇ ಶಾಲೆಯ ಸಂಚಾಲಕರು. ಘಂಟೆ ಮಾತ್ರ ಬೇರೆ. ಶಾಲೆಯದು ಮಾವಿನ ಕೊಂಬೆಗೆ ತೂಗಹಾಕಿದ ರೈಲು ಕಂಬಿಯ ತುಂಡು. ನಾನು ೧೯೬೧ರಲ್ಲಿ ಸೇರಿದ ಶಾಲೆಯೂ ಇಂತಹುದೇ. ಊರಿನ ಹೆಸರು ಇಲ್ಲಿ ಬೇಡ. ಹತ್ತು ಊರುಗಳವರು ಇದನ್ನೋದಿ ‘ಇದು ನಮ್ಮದೇ’ ಎಂದುಕೊಂಡರೆ ನನಗೆ ಸಂತೋಷವೇ.

ಇದರ ಪೂರ್ವಕಥೆಯನ್ನು ಬಹಳ ಬೆಳೆಸುವುದಿಲ್ಲ. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದ ಕರಾವಳಿಯ ಕೆಥೋಲಿಕರಲ್ಲಿ ಬದುಕಿ ಉಳಿದವರು ೧೭೯೯ರ ಬಳಿಕ ಮರಳಿ ಬಂದು, ಹೊಲಮನೆಗಳನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಿಕೊಂಡರು. ೧೮೭೦ರಲ್ಲಿ ಕಾರ್ಮೆಲ್ ಭಗಿನಿಯರೂ ೧೮೭೮ರ ಕಟ್ಟಕಡೆಯ ದಿನ ಯೇಸುಸಭೆಯ ಪಾದ್ರಿಗಳೂ ಮಂಗಳೂರಿಗೆ ಬಂದಿಳಿದರು. ೧೮೮೦ರಲ್ಲಿ ಸಂತ ಎಲೋಶಿಯಸ್ ಕಾಲೇಜೂ ೧೯೨೧ರಲ್ಲಿ ಸಂತ ಆಗ್ನೆಸ್ ಕಾಲೇಜೂ ಹುಟ್ಟಿದುವು. ಪಟ್ಟಣದ ಈ ದೊಡ್ಡ ವಿದ್ಯಾಲಯಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಹಳ್ಳಿಯ ಇಗರ್ಜಿಯ ಶಾಲೆಯನ್ನು ಕುರಿತು ಬರೆಯಲು ಯಾರಿಗೂ ಅಷ್ಟು ಪುರುಸೊತ್ತು ಆದಂತಿಲ್ಲ.

ಆ ಶಾಲೆಯ ವಾರವು ಸೋಮವಾರದಿಂದಲ್ಲ, ಆದಿತ್ಯವಾರದಿಂದಲೇ ಮೊದಲಾಗುತ್ತಿದ್ದಿತು ಎನ್ನಬೇಕು. ಸೋಮವಾರ ಹಾಜರಿ ಕರೆದಾದ ಮೇಲೆ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರು, ಹಿಂದಿನ ದಿನ ಪೂಜೆಗೆ ಬಾರದ ಕೆಥೋಲಿಕ ಮಕ್ಕಳನ್ನು ನಿಲ್ಲಿಸಿ ಕಾರಣ ಕೇಳುವರು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಅಂಗಿ ಒಣಗಿರಲಿಲ್ಲ. ಮಳೆಗಾಲದಲ್ಲಿ ಈ ಎರಡನೆಯ ಕಾರಣವನ್ನು ಸಿಸ್ಟರು ಮರುಮಾತಿಲ್ಲದೆ ಒಪ್ಪುತ್ತಿದ್ದರು. ನಾವು, ಎಂದರೆ ತುಳುವರ ಮಕ್ಕಳು, ಆ ವೇಳೆ ನಿಶ್ಚಿಂತರಾಗಿ ಕುಳಿತು ನೋಡುತ್ತಿದ್ದೆವು. ಆದರೆ ಉಗುರು ಪರೀಕ್ಷೆಯಲ್ಲಿ ಮತಭೇದವಿರಲಿಲ್ಲ.

ಆಮೇಲೆ ಅರ್ಧ ತಾಸು ಶಾಲೆಯು ಎರಡಾಗಿ ಒಡೆಯುತ್ತಿದ್ದಿತು. ಕೆಥೋಲಿಕ ಮಕ್ಕಳು ಒಂದು ಕೋಣೆಯಲ್ಲಿ ಕೊಂಕಣಿಯಲ್ಲಿ ‘ದೊತೊರ್ನ್’ ಕಲಿಯುವರು. ಮಿಕ್ಕ ನಾವೆಲ್ಲರು ಇನ್ನೊಂದು ಕೋಣೆಯಲ್ಲಿ ನೀತಿಪಾಠಕ್ಕೆ ಕೂಡುವೆವು. ಸರಕಾರದ ಸಹಾಯಧನ ಪಡೆಯುವ ಶಾಲೆಯಲ್ಲಿ, ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂಡಿಸತಕ್ಕದ್ದಲ್ಲವೆಂದು ನಮ್ಮ ಸಂವಿಧಾನದ ೨೮ನೆಯ ವಿಧಿ ಹೇಳುತ್ತದೆ. ಇದು ನನಗೆ ತಿಳಿದುದು ಬಹುಕಾಲದ ಮೇಲೆ. ಅಂದು ನನಗೆ ತಿಳಿದಿದ್ದುದು ಇಷ್ಟೇ: ಅವರಿಗೆ ಪ್ರಶ್ನೋತ್ತರಗಳನ್ನು ಉರುಹೊಡೆಯುವ ಕಷ್ಟ, ನಮಗೆ ಪಂಚತಂತ್ರದ ಕಥೆ ಕೇಳುವ ಸುಖ. ವಿರಾಮದ ವೇಳೆ ಮೊಸಳೆಯೂ ಮಂಗನೂ ಏನಾದುವೆಂದು ಕೇಳಲು ಅವರು ನಮ್ಮನ್ನು ಮುತ್ತುವರು. ನಾವು ಸುಮ್ಮನೆ ಹೇಳುವವರೇ? ಒಂದು ಕಥೆಗೆ ಎರಡು ನೆಲ್ಲಿಕಾಯಿ ದರವಾಗಿದ್ದಿತು.

ಮಂಗಳವಾರ ಸಂತ ಅಂತೋನಿಯ ದಿನ. ಕಳೆದುಹೋದ ವಸ್ತುಗಳನ್ನು ದೊರಕಿಸಿಕೊಡುವ ಸಂತನೆಂದು ಆತನಿಗೆ ಖ್ಯಾತಿ. ಹಟ್ಟಿಗೆ ಮರಳದ ದನ, ಬಾವಿಗೆ ಬಿದ್ದ ಮೂಗುಬೊಟ್ಟು, ಇಂತಹ ಸಂದರ್ಭಗಳಲ್ಲಿ ತುಳು ತಾಯಂದಿರು ಮಕ್ಕಳ ಕೈಯಲ್ಲಿ ಮೇಣದ ಬತ್ತಿಗೆಂದು ಎರಡಾಣೆ ಕಳುಹುವುದುಂಟು. ಅದೇ ತಾಯಂದಿರು ಮನೆಯ ದೈವಕ್ಕೂ ಹೇಳಿಕೊಳ್ಳುತ್ತಿದ್ದುದರಿಂದ, ದನ ಸಿಕ್ಕಿದಾಗ ಯಾರಿಂದ ಸಿಕ್ಕಿತೆಂಬ ತರ್ಕಕ್ಕೆ ಯಾರೂ ಹೋಗುತ್ತಿರಲಿಲ್ಲ.

ವಾರದ ನಡೆಯನ್ನು ನಾವು ನಿಜವಾಗಿ ಅರಿಯುತ್ತಿದ್ದುದು ಮಧ್ಯಾಹ್ನದ ಬುತ್ತಿಯಿಂದ. ಎಲ್ಲರದೂ ಕುಚ್ಚಲಕ್ಕಿಯ ಅನ್ನವೇ. ವ್ಯತ್ಯಾಸವಿದ್ದುದು ನಂಜಿಕೊಳ್ಳುವುದರಲ್ಲಿ. ಸೋಮವಾರ ಕೆಲವು ಬಂಟರ, ಬಿಲ್ಲವರ ಮನೆಗಳಲ್ಲಿ ಮೀನಿಲ್ಲ. ಆ ದಿನ ಅವರ ಬುತ್ತಿಯಲ್ಲಿ ಹುರುಳಿ ಚಟ್ನಿ. ಶುಕ್ರವಾರ ಕೆಥೋಲಿಕರಿಗೆ ಮಾಂಸ ವರ್ಜ್ಯ. ೧೯೬೬ರಲ್ಲಿ ಆರನೆಯ ಪಾಲ್ ಪೋಪರು ಈ ಕಟ್ಟಳೆಯನ್ನು ಸಡಿಲಿಸುವ ಅಧಿಕಾರವನ್ನು ಆಯಾ ದೇಶದ ಬಿಷಪರಿಗೆ ಬಿಟ್ಟುಕೊಟ್ಟರಂತೆ. ನಮ್ಮ ಕಡಲತೀರದಲ್ಲಿ ಅದರಿಂದ ಯಾರಿಗೆ ಏನು ಲಾಭವಾಯಿತೋ ನಾನರಿಯೆ. ಮಾಂಸವಿಲ್ಲದ ದಿನ ಬಂಗುಡೆ ತಿನ್ನುವುದನ್ನು ಉಪವಾಸವೆಂದು ಕರೆದ ಧರ್ಮವನ್ನು ನನ್ನ ಅಜ್ಜಿ ಮನಸಾರೆ ಮೆಚ್ಚಿಕೊಂಡಿದ್ದಳು. ಬುತ್ತಿಯಿಲ್ಲದೆ ಬರುವವರೂ ಇದ್ದರು. ಅವರಿಗಾಗಿ ಅಮೇರಿಕದಿಂದ ಬಂದ ಹಳದಿ ಜೋಳದ ರವೆಯ ಉಪ್ಪಿಟ್ಟನ್ನು ಹಿತ್ತಿಲ ಒಲೆಯಲ್ಲಿ ಬೇಯಿಸುತ್ತಿದ್ದರು. ಬುತ್ತಿ ತಂದವರಿಗೂ ಅದರ ಪರಿಮಳದಿಂದ ಆಸೆಯಾಗುತ್ತಿತ್ತು. ಸಹಾಯಧನದ ಶಾಲೆಗಳಲ್ಲಿಯೂ ಬಿಸಿಯೂಟ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದುದು ೨೦೦೧ರ ನವೆಂಬರದಲ್ಲಿ. ಹಿತ್ತಿಲ ಒಲೆ ಅದಕ್ಕಿಂತ ಎಷ್ಟೋ ಹಳೆಯದು.

ಶುಕ್ರವಾರ ಮಧ್ಯಾಹ್ನದ ವಿರಾಮ ಉಳಿದ ದಿನಗಳಿಗಿಂತ ದೀರ್ಘ. ಬ್ಯಾರಿ ಹುಡುಗರು ಮಸೀದಿಯ ನಮಾಜು ಮುಗಿಸಿ ಓಡುತ್ತ ಬರುವವರೆಗೆ ರೈಲು ಕಂಬಿಯ ತುಂಡಿಗೆ ಪೆಟ್ಟು ಬೀಳುತ್ತಿರಲಿಲ್ಲ. ಈ ಹೆಚ್ಚಿನ ಹೊತ್ತಿನಲ್ಲಿ ಲಗೋರಿ ಆಡುತ್ತಿದ್ದ ನಾವು ನಮಾಜು ಇನ್ನಷ್ಟು ಉದ್ದವಿರಬಾರದೇ ಎಂದು ಹಾರೈಸಿದುದುಂಟು. ತಿಂಗಳ ಮೊದಲನೆಯ ಶುಕ್ರವಾರ ಮಾತ್ರ ಬೆಳಗ್ಗೆ ಕೆಥೋಲಿಕ ಮಕ್ಕಳಿಗೆ ಪೂಜೆ. ಆಗಿನ ಪೂಜೆ ಲತೀನಿನಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೨ರಿಂದ ೧೯೬೫ರವರೆಗೆ ನಡೆದ ಮೇಲೆಯೇ ಇಗರ್ಜಿಯ ಪೀಠದಿಂದ ಕೊಂಕಣಿಯ ಪೂಜೆ ಕೇಳಿಬಂದುದು. ಆ ಬದಲಾವಣೆಯಾದ ಮೇಲೆ ನನ್ನ ಜತೆಯ ಹುಡುಗನೊಬ್ಬನು, “ಇನ್ನು ದೇವರಿಗೆ ನಮ್ಮ ಮಾತು ತಿಳಿಯುವುದು” ಎಂದು ನನ್ನಲ್ಲಿ ಬಹು ಗಂಭೀರವಾಗಿ ಹೇಳಿದನು. ತುಳುವಿನ ಗತಿಯೇನೆಂದು ನಾನು ಕೇಳಿದೆನು. ಅವನಲ್ಲಿ ಉತ್ತರವಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಪಾಠ ಮುಗಿದೊಡನೆ ನೆಲ ಸಾರಿಸುವ ಕೆಲಸ. ದೊಡ್ಡವರು ನೀರು ಸೇದುವುದು, ಚಿಕ್ಕವರು ಸೆಗಣಿ ತರುವುದು, ಹೆಣ್ಣುಮಕ್ಕಳು ಸಾರಿಸುವುದು. ಇಲ್ಲಿ ಬಾವಿಯ ಮಾತನ್ನು ಹೇಳಲೇಬೇಕು. ಊರಿನ ಬೇರೆ ಬಾವಿಗಳ ಕಟ್ಟೆಯ ಬಳಿಗೂ ಸುಳಿಯಲಾರದ ಮನೆಗಳ ಮಕ್ಕಳು ಇಗರ್ಜಿಯ ಬಾವಿಯಲ್ಲಿ ಎಲ್ಲರೊಡನೆ ಹಗ್ಗ ಹಿಡಿದು ನೀರು ಸೇದುತ್ತಿದ್ದರು. ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರುವ ಅಧಿನಿಯಮ ೧೯೫೫ರಲ್ಲಿಯೇ ಬಂದಿದ್ದರೂ ಊರಿನ ಕಟ್ಟೆಗಳಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಇದೆಲ್ಲ ನೋಡಿ, ಅಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ನಾನು ಹೇಳಿದರೆ ಅದು ಸತ್ಯವಾಗಲಾರದು. ಆ ಬಾವಿಯ ನೀರನ್ನು ಕುಡಿಯಬಾರದೆಂದು ಮನೆಯಿಂದ ಶೀಸೆಯಲ್ಲಿ ನೀರು ಕೊಟ್ಟು ಕಳುಹುವ ತಂದೆತಾಯಿಗಳಿದ್ದರು. ಕೆಥೋಲಿಕರೊಳಗೂ ಬಾಮಣರು, ಚಾರೊಡಿಗಳು, ಶೂದ್ರರು ಎಂಬ ಹಳೆಯ ಭೇದಗಳು ಮದುವೆಯ ಮಾತು ಬಂದಾಗ ತಲೆಯೆತ್ತುತ್ತಿದ್ದುವು. ಆದರೂ ಶನಿವಾರದ ಆ ಒಂದು ತಾಸು, ಒದ್ದೆ ಹಗ್ಗದ ಮೇಲೆ ಒಂದರ ಮೇಲೊಂದು ಹಿಡಿದ ಕೈಗಳನ್ನು ನಾನು ಕಂಡವನು. ಶೀಸೆಯ ನೀರು ಮಧ್ಯಾಹ್ನದೊಳಗೆ ಬರಿದಾಗುವುದನ್ನೂ, ಅದರ ಒಡೆಯನು ಸದ್ದಿಲ್ಲದೆ ಬಾವಿಯ ಬಳಿಗೆ ನಡೆಯುವುದನ್ನೂ ಕಂಡವನು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಶಾಲೆ ಕನ್ನಡ ಶಾಲೆ; ಆದರೆ ಅಲ್ಲಿ ಕನ್ನಡವು ಹೆಚ್ಚುಕಡಮೆ ಯಾರ ಮನೆಮಾತೂ ಆಗಿರಲಿಲ್ಲ. ಕೆಥೋಲಿಕರದು ಕೊಂಕಣಿ, ನಮ್ಮದು ತುಳು, ಮುಸಲ್ಮಾನರದು ಬ್ಯಾರಿ. ಹವ್ಯಕರ ಇಬ್ಬರು ಹುಡುಗರ ಮನೆಯಲ್ಲಿ ಕನ್ನಡವಿದ್ದರೂ ಅದು ಪುಸ್ತಕದ ಕನ್ನಡವಲ್ಲ. ನಮಗೆ ಅದು ಇನ್ನೊಂದು ಭಾಷೆಯಂತೆಯೇ ತೋರುತ್ತಿದ್ದಿತು. ಆದುದರಿಂದ ಮೊದಲನೆಯ ತರಗತಿಯ ಬೆಂಚಿನಲ್ಲಿ ನಾವೆಲ್ಲರೂ ಸರಿಸಮನಾಗಿ ಅಜ್ಞಾನಿಗಳು. ಯಾರ ಉಚ್ಚಾರವನ್ನು ಯಾರೂ ನಗುವಂತಿರಲಿಲ್ಲ. ‘ಅ’ದಿಂದ ‘ಳ’ದವರೆಗೆ ಮರಳಿನ ಮೇಲೆ ತಿದ್ದಿ, ಪಂಜೆ ಮಂಗೇಶರಾಯರ ಶಿಶುಗೀತೆಗಳನ್ನು ಹಾಡಿ, ಗ್ರಂಥದ ಕನ್ನಡವನ್ನೇ ಮಾತಿನ ಕನ್ನಡವೆಂದು ಕಲಿತೆವು. ಘಟ್ಟದ ಮೇಲಿನವರು ನಮ್ಮನ್ನು ಪುಸ್ತಕದಂತೆ ಮಾತಾಡುವವರೆಂದು ಪರಿಹಾಸ್ಯ ಮಾಡುವುದಕ್ಕೆ ಇದೇ ಕಾರಣ. ಅದು ನಿಂದೆಯೆಂದು ನನಗೆ ಎಂದೂ ತೋರಿದುದಿಲ್ಲ.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಕೆಥೋಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಅಕ್ಷರಗಳಲ್ಲಿ. ಅವರ ಪ್ರಾರ್ಥನಾ ಪುಸ್ತಕಗಳೂ ೧೯೩೮ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯೂ ಅದೇ ಲಿಪಿಯಲ್ಲಿ ಅಚ್ಚಾದುವು. ತುಳುವನ್ನು ಅಚ್ಚುಹಾಕುವುದೂ ಕನ್ನಡ ಲಿಪಿಯಲ್ಲಿ. ಬ್ಯಾರಿಯನ್ನೂ ಹಾಗೆಯೇ ಬರೆಯುವರು. ಹೀಗೆ ಯಾರ ಮನೆಯ ಮಾತೂ ಅಲ್ಲದ ಕನ್ನಡವು ಎಲ್ಲರ ಮನೆಯ ಅಕ್ಷರವಾಯಿತು. ಮುಂಬಯಿಗೆ ಹೋದ ಮಗನ ಕಾಗದವನ್ನು ಕೊಂಕಣಿಯ ತಾಯಿಯೂ ತುಳುವಿನ ತಾಯಿಯೂ ಓದಿಸಿಕೊಳ್ಳುತ್ತಿದ್ದುದು ಇಗರ್ಜಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಕಿರಿಯ ಮಗಳಿಂದ.

ಈ ಶಾಲೆಗೆ ಈಗ ಬಂದಿರುವ ಸ್ಥಿತಿಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುವುದು. ೧೯೯೪ರಲ್ಲಿ ಸರಕಾರವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡದಲ್ಲಿಯೇ ಪಾಠ ನಡೆಯಬೇಕೆಂದು ಆಜ್ಞೆ ಹೊರಡಿಸಿತು. ಬೋಧನಮಾಧ್ಯಮವನ್ನು ಆರಿಸುವ ಹಕ್ಕು ಹೆತ್ತವರದೆಂದು ಸುಪ್ರೀಂ ಕೋರ್ಟು ೨೦೧೪ರ ಮೇ ೬ರಂದು ತೀರ್ಪಿತ್ತಿತು. ತೀರ್ಪಿಗೆ ಮೊದಲೇ ನಮ್ಮೂರಿನ ಹೆತ್ತವರು ಆರಿಸಿಯಾಗಿದ್ದಿತು. ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಮೂರು ಮಾಳಿಗೆಯ ಇಂಗ್ಲಿಷ್ ಶಾಲೆ ಎದ್ದಿದೆ. ಅಲ್ಲಿಗೆ ಮಕ್ಕಳನ್ನು ಕಳುಹುವವರನ್ನು ನಾನು ಹಳಿಯಲಾರೆ. ದುಬಾಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಅನ್ನ ಕೊಡುವ ಭಾಷೆ ಯಾವುದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಮೊಮ್ಮಕ್ಕಳೂ ಅಂತಹ ಶಾಲೆಯಲ್ಲಿಯೇ ಓದುವರು. ಆದರೆ ಅಜ್ಜಿಯ ಕೊಂಕಣಿ ಪ್ರಾರ್ಥನಾ ಪುಸ್ತಕವನ್ನು ಹಿಡಿದು ಮೊಮ್ಮಗಳು ಸಾಲುಸಾಲಿಗೂ ತಡವರಿಸುವುದನ್ನು ನೆರೆಮನೆಯಲ್ಲಿ ಕಂಡಿದ್ದೇನೆ. ಆ ತಾಯಿತಂದೆಗಳು ಕನ್ನಡ ಬೇಡವೆಂದಿದ್ದರೇ ಹೊರತು ಕೊಂಕಣಿ ಬೇಡವೆಂದಿರಲಿಲ್ಲ.

ಕನ್ನಡ ಶಾಲೆಯಲ್ಲಿ ಈಗ ಉಳಿದಿರುವ ಮಕ್ಕಳು ಕೆಲವರೇ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ಮಕ್ಕಳು. ವಿನೋದವೆಂದರೆ, ಆ ಶಾಲೆಗೆ ಮನೆಯಲ್ಲಿಯೂ ಅಂಗಳದಲ್ಲಿಯೂ ಕನ್ನಡವನ್ನೇ ಆಡುವ ಮಕ್ಕಳು ಇಷ್ಟು ಮಂದಿ ಬಂದುದು ಇದೇ ಮೊದಲು. ತುಳುನಾಡಿನ ಟೀಚರಿಗೆ ಅವರ ಕನ್ನಡ ತಿಳಿಯಲು ಒಂದು ತಿಂಗಳು ಹಿಡಿಯಿತಂತೆ.

ಕಳೆದ ಮೊಂತಿ ಹಬ್ಬಕ್ಕೆ, ಎಂದರೆ ಸೆಪ್ಟೆಂಬರ್ ೮ರಂದು, ನಾನೂ ಹೋಗಿದ್ದೆನು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲಮರಿಯಮ್ಮನ ಮೂರ್ತಿಗೆ ಹೂ ಅರ್ಪಿಸುವ ವಾಡಿಕೆ. ನಮ್ಮ ಕಾಲದಲ್ಲಿ ಆ ಹೂಗಳಲ್ಲಿ ಮುಕ್ಕಾಲುಪಾಲು ತುಳುವರ ಹಿತ್ತಿಲಿನವು. ಹೂ ತಂದವರಿಗೆ ಮತವನ್ನು ಕೇಳದೆ ಕಬ್ಬಿನ ತುಂಡು ಸಿಗುತ್ತಿದ್ದಿತು. ಈ ಸಲ ಬುಟ್ಟಿ ಹಿಡಿದವರಲ್ಲಿ ಬಿಡಾರದ ಮಕ್ಕಳೇ ಹೆಚ್ಚು. ಅವರಿಗೆ ಹಿತ್ತಿಲೆಂಬುದಿಲ್ಲವಾದುದರಿಂದ ದಾರಿಬದಿಯ ಕಾಡುಹೂಗಳನ್ನು ಕೊಯ್ದು ತಂದಿದ್ದರು. ಪೂಜೆಯ ಬಳಿಕ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಮಂತ್ರಿಸಿ ಹಂಚಿದರು. ಒಬ್ಬಳು ಹುಡುಗಿಯ ತಾಯಿ, ಕೈಯಲ್ಲಿ ತೆನೆ ಹಿಡಿದು, “ಇದನ್ನ ಏನ್ ಮಾಡಬೇಕ್ರೀ ಅಕ್ಕಾರ?” ಎಂದು ಟೀಚರನ್ನು ಕೇಳಿದಳು. ಕೆಥೋಲಿಕರು ಕಾಳು ಸುಲಿದು ಪಾಯಸಕ್ಕೆ ಹಾಕುವರು, ತುಳುವರು ತೆನೆಯನ್ನು ಮನೆಯಲ್ಲಿ ಕಟ್ಟುವರು, ನಿಮಗೆ ಯಾವುದು ಸರಿಕಾಣುವುದೋ ಹಾಗೆ ಮಾಡಿರಮ್ಮ ಎಂದರು ಟೀಚರು. ಆಕೆ ಅದನ್ನು ತಗಡಿನ ಬಿಡಾರದ ಬಾಗಿಲಿಗೆ ಕಟ್ಟಿದಳೆಂದು ಹುಡುಗಿ ಮರುದಿನ ತರಗತಿಯಲ್ಲಿ ಹೇಳಿದಳಂತೆ.

ಶಾಲೆಯನ್ನು ಮುಚ್ಚುವ ಮಾತನ್ನು ಸಂಚಾಲಕರು ಈ ವರ್ಷದ ಸಭೆಯಲ್ಲಿ ಎತ್ತಲಿಲ್ಲ. ಬರುವ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರುವರೆಂದು ನೋಡಿ ಹೇಳುವರಂತೆ.