ಇನ್ನೆರಡು ಬಿಸಿಲು

ಮೂಡಿಗೆರೆ, ಕಳಸದ ಕಡೆ ಓದು ಮುಗಿಸಿ ತೋಟಕ್ಕೆ ಮರಳಿದ ಹುಡುಗರು ಈಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಹೊರದೇಶದಿಂದ ಮಾಲು ತರಿಸುವ ಸಣ್ಣ ವ್ಯಾಪಾರ ಶುರು ಮಾಡಬಹುದೇ? ಮಾಡಬಹುದು. 500 ರೂಪಾಯಿ ಕಟ್ಟಿದರೆ ಆಮದು-ರಫ್ತು ಕೋಡ್ ಮನೆಯಲ್ಲಿ ಕುಳಿತೇ ಸಿಗುತ್ತದೆ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ಬಂದರಿನ ಕೆಲಸ ಕ್ಲಿಯರಿಂಗ್ ಏಜೆಂಟರದು. ಆದರೆ ಈ ಬೆಟ್ಟಗಳ ಕಾಳುಮೆಣಸಿನ ವ್ಯಾಪಾರ ಕಣ್ಣೆದುರೇ ಬದಲಾದದ್ದನ್ನು ಕಂಡವರು ಅದಕ್ಕೂ ಮೊದಲು ಇನ್ನೊಂದನ್ನು ಕೇಳಬೇಕಾಗುತ್ತದೆ. ತರಿಸುವ ಮಾಲು ನಿಮಗೆ ಗೊತ್ತೇ?

ಮಾಲು ಗೊತ್ತಿರುವುದು ಅಂದರೇನೆಂದು ತಿಳಿಯಲು ಹಳೆಯ ಮೆಣಸಿನ ಅಂಗಡಿಗಳನ್ನು ನೆನೆಯಬೇಕು. 1942ರಿಂದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಬೆಳೆಗಾರನಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿದ್ದು 1996ರಲ್ಲಿ. ಅಲ್ಲಿಯವರೆಗೆ ಕೈಗೆ ನೇರ ಕಾಸು ಕೊಡುತ್ತಿದ್ದದ್ದು ಮೆಣಸು, ಏಲಕ್ಕಿ, ಅಡಿಕೆ. ಹಾಗಾಗಿ ಮಾಘ-ಫಾಲ್ಗುಣದಲ್ಲಿ ಮೂಡಿಗೆರೆಯ ಮಂಡಿಗಳಿಗೆ ಅವುಗಳದೇ ಒಂದು ವಾಸನೆ. ಬಿಸಿಲುಂಡ ಮೆಣಸಿನ ಘಾಟು, ಹೊಸ ಗೋಣಿಯ ಸೆಣಬು, ಮೂಲೆಯಲ್ಲಿ ಏಲಕ್ಕಿ, ಎಲ್ಲ ಸೇರಿ ಬಾಗಿಲಲ್ಲೇ ಮೂಗು ಸುರುಸುರು ಅನ್ನುತ್ತಿತ್ತು. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಬ್ಯಾರಿ ಸಾಹುಕಾರರಲ್ಲಿ ಪಳಗಿದವರು ಗೋಣಿಯೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆಯುತ್ತಿದ್ದರು. ಅಂಗೈಯಲ್ಲಿ ಉಜ್ಜಿ, ಊದಿ ಜೊಳ್ಳು ಹಾರಿಸಿ, ಒಂದು ಕಾಳನ್ನು ಹಲ್ಲಿಗಿಟ್ಟು ಕಟ್ಟನೆ ಒಡೆದ ಸದ್ದಿನಲ್ಲೇ ಒಣಗಿನ ಲೆಕ್ಕ ಹೇಳುತ್ತಿದ್ದರು. ಲೀಟರ್ ಡಬ್ಬಿಯ ತೂಕ ಆಮೇಲಿನ ಮಾತು. ‘ಗೌಡ್ರೇ, ಇನ್ನೆರಡು ಬಿಸಿಲು ಕಾಣಿಸ್ಬೇಕಿತ್ತು’ ಎಂದರೆ ಚೌಕಾಸಿ ಶುರುವಾಯಿತೆಂದೇ ಅರ್ಥ. ‘ಸಾವ್ಕಾರ್ರೇ, ಇದಕ್ಕಿಂತ ಒಣಗಿಸಿದ್ರೆ ಪುಡಿಯಾಗ್ತದೆ’ ಎನ್ನುವುದು ಉತ್ತರ. ಕೊಚ್ಚಿ ಮಾರುಕಟ್ಟೆಯ ದರ ಇಬ್ಬರಿಗೂ ಗೊತ್ತಿದ್ದ ದಿನ ಮಾತು ಬೇಗ ಮುಗಿಯುತ್ತಿತ್ತು, ಇಲ್ಲದ ದಿನ ಎರಡು ಲೋಟ ಕಾಫಿ ಆಗುತ್ತಿತ್ತು.

ಅದೇನು ಸತ್ಯಯುಗವಾಗಿತ್ತೇ ಎಂದು ಕೇಳುವವರಿಗೆ ಇಲ್ಲವೆಂದೇ ಹೇಳಬೇಕು. ಮಳೆಗಾಲದಲ್ಲಿ ಮುಂಗಡ ಕೊಟ್ಟು ಕೊಯ್ಲಿನಲ್ಲಿ ಬೆಳೆಯನ್ನೇ ಕಟ್ಟಿಹಾಕುತ್ತಿದ್ದರು. ಒಣಗಿನ ನೆಪದಲ್ಲಿ ಕಿಲೋಗಟ್ಟಲೆ ಕಳೆಯುತ್ತಿದ್ದರು. ಕೊಚ್ಚಿಯ ದರ ತಿಳಿಯದ ಸಣ್ಣ ಹಿಡುವಳಿದಾರ ಸೋಲುತ್ತಲೇ ಇದ್ದ. ಇವತ್ತು ದರ ಅವನ ಮೊಬೈಲಿನಲ್ಲಿದೆ, ಅದು ದೊಡ್ಡ ಲಾಭ. ಆದರೆ ಆ ಸಾಹುಕಾರರ ಗೋಣಿಯಲ್ಲಿದ್ದದ್ದು ಯಾವ ತೋಟದ ಮೆಣಸು ಎಂಬುದರಲ್ಲಿ ಅನುಮಾನವಿರಲಿಲ್ಲ. ಕಳಸದ ಮಾಲು ಕಳಸದ ಹೆಸರಲ್ಲೇ ಚಾರ್ಮಾಡಿ ಘಾಟಿ ಇಳಿಯುತ್ತಿತ್ತು. ಈಗ ಕಳೆದುಹೋಗಿರುವುದು ಅದು.

ಹೇಗೆ ಕಳೆದುಹೋಯಿತೆಂಬುದಕ್ಕೆ ಸುಂಕದ ಪಟ್ಟಿಯೇ ಸಾಕ್ಷಿ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿ ಬಿತ್ತು, 2000ದಲ್ಲಿ ಜಾರಿಯಾಯಿತು. ಸಾಮಾನ್ಯವಾಗಿ ಶೇ 70 ಸುಂಕ ತೆರಬೇಕಾದ ಮೆಣಸು ಲಂಕೆಯದೆಂಬ ಪ್ರಮಾಣಪತ್ರದೊಂದಿಗೆ ಬಂದರೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರಾಚೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ (ಸಾಫ್ಟಾ) ಅಡಿಯಲ್ಲಿ ಶೇ 8. ಅಷ್ಟರಲ್ಲಿ ವಿಯೆಟ್ನಾಂ ಜಗತ್ತಿನ ಅತಿದೊಡ್ಡ ಮೆಣಸಿನ ದೇಶವಾಗಿತ್ತು. ವಿಯೆಟ್ನಾಂ ಮೆಣಸೇ ಲಂಕೆಯ ಕಾಗದ ಹೊತ್ತು ಬರುತ್ತಿದೆ, ನಮ್ಮ ಮಾಲಿನೊಂದಿಗೆ ಬೆರೆಯುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಕೂಗಿದರು. ಕಿಲೋಗೆ 700 ರೂಪಾಯಿಯ ಹತ್ತಿರ ಹೋಗಿದ್ದ ದರ 2018ರಲ್ಲಿ 400ರ ಕೆಳಗಿಳಿದಿತ್ತು. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತ್ತು. ಅಷ್ಟಾದರೂ ಕಾಗದದಲ್ಲಿ 500 ಬರೆದು ಅಗ್ಗದ ಮಾಲು ತರಿಸುತ್ತಾರೆಂಬ ದೂರು ನಿಲ್ಲಲಿಲ್ಲ. ಮೆಣಸು ಕಚ್ಚಿ ನೋಡದವನೂ, ಬಳ್ಳಿ ಹತ್ತುವ ಏಣಿಯನ್ನೇ ಕಾಣದವನೂ ಮೆಣಸಿನ ವ್ಯಾಪಾರಿಯಾಗಬಲ್ಲ ಸ್ಥಿತಿ ಇದು. ಕಾಗದ ಬಲ್ಲವನು ಗೆದ್ದ, ಕಾಳು ಬಲ್ಲವನು ಬಾಗಿಲು ಹಾಕಿದ.

ಹೊರಗಿನದೆಲ್ಲ ಕೆಟ್ಟದ್ದೇ, ನಿಮ್ಮ ಮೆಣಸಿನ ಬಳ್ಳಿ ಹಬ್ಬಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಲಂಕೆಯ ಮೆಣಸಿನ ಖಾರವೂ ಎಣ್ಣೆಯಂಶವೂ ಹೆಚ್ಚು. ಮೆಣಸಿನ ಸಾರ (ಓಲಿಯೊರೆಸಿನ್) ತೆಗೆದು ರಫ್ತು ಮಾಡುವ ಕಾರ್ಖಾನೆಗಳು ಅದನ್ನು ತರಿಸುವುದರಲ್ಲಿ ತಪ್ಪೇನಿಲ್ಲ. ಲಂಕೆಯದನ್ನು ಲಂಕೆಯದೆಂದೇ ಮಾರುವವನ ಮೇಲೆ ಯಾರಿಗೂ ಸಿಟ್ಟಿಲ್ಲ. ಮೂಲವನ್ನು ಮುಚ್ಚಿಟ್ಟು ಗಳಿಸುವ ಲಾಭ ಮಾತ್ರ, ಕಣದಲ್ಲಿ ಮಗುವಿನಂತೆ ಮೆಣಸು ಕಾಯುವವನ ಜೇಬಿನಿಂದ ಹೋಗುವಂಥದ್ದು. 2020ರಿಂದ ಜಾರಿಯಾದ ನಿಯಮದಂತೆ, ಸುಂಕದ ರಿಯಾಯಿತಿ ಕೇಳುವ ಆಮದುದಾರ ಮಾಲು ಎಲ್ಲಿಯದೆಂಬ ವಿವರವನ್ನು ತಾನೇ ಇಟ್ಟುಕೊಂಡಿರಬೇಕು, ಕೇಳಿದಾಗ ಒಪ್ಪಿಸಬೇಕು. ಹಳೆಯ ಮಂಡಿಯಲ್ಲಿ ಯಾರೂ ಬರೆದಿಡದೆಯೇ ನಡೆಯುತ್ತಿದ್ದದ್ದನ್ನು ಈಗ ಕಾನೂನು ಮಾಡಿ ಬರೆಸಬೇಕಾಗಿದೆ.

ಹಾಗಾದರೆ ಆ ಹುಡುಗರು ಏನು ತರಿಸಬೇಕು? ಆಳು ಸಿಗದ ಈ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಮರಗಸಿ ಮಾಡುವ ಗರಗಸ, ಬೆನ್ನಿಗೆ ಹಗುರಾದ ಸ್ಪ್ರೇಯರ್ ಎಲ್ಲಕ್ಕೂ ಬೇಡಿಕೆಯಿದೆ, ಅವುಗಳಲ್ಲಿ ಬಹಳಷ್ಟು ಹೊರಗಿನಿಂದಲೇ ಬರುತ್ತವೆ. ಇಲ್ಲಿ ಬೆಳೆಯುವುದರ ಹೊಟ್ಟೆಗೆ ಹೊಡೆಯದ ಆಮದು ಇದು. ಇದರಲ್ಲೂ ಕೈಗೆ ಮಾಲು ಗೊತ್ತಿರಲೇಬೇಕು: ಕಳಸದ ಇಳಿಜಾರಿನಲ್ಲಿ ದಿನವಿಡೀ ಹೊತ್ತರೆ ಭುಜಕ್ಕೆ ಎಷ್ಟು ಭಾರ, ಕಾಫಿಯ ಬುಡಕ್ಕೆ ಬ್ಲೇಡು ತಾಗದಂತೆ ತಿರುಗುತ್ತದೆಯೇ, ಆಷಾಢದ ಮಳೆಯಲ್ಲಿ ಕಾರ್ಬ್ಯುರೇಟರ್ ಕೈಕೊಟ್ಟರೆ ಬಿಡಿಭಾಗ ಮರುದಿನವೇ ಮೂಡಿಗೆರೆಯಲ್ಲಿ ಸಿಗುತ್ತದೆಯೇ, ಇಲ್ಲ ಬೆಂಗಳೂರಿನಿಂದ ಬರಲು ವಾರ ಕಾಯಬೇಕೇ.