ಗಡ್ಡಕ್ಕೆ ಅವಸರ ಬೇಡ

ಚೆನ್ನೈನ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿಗೆ ದುಡಿಯಲು ಬಂದಿರುವ ನಮ್ಮ ಕಡೆಯ ಹುಡುಗರಿಗೆ ಒಂದು ಮಾತು. ಇಪ್ಪತ್ತಾದರೂ ಕೆನ್ನೆ ತುಂಬ ಗಡ್ಡ ಬರಲಿಲ್ಲವೆಂದು ಕೊರಗಬೇಡಿ, ತಮ್ಮಂದಿರೇ. ಮೊದಲು ಮೀಸೆ ಚಿಗುರುತ್ತದೆ, ಕೆನ್ನೆ, ಗಲ್ಲ ಆಮೇಲೆ. ಹಲವರಿಗೆ 25 ದಾಟಿದ ಮೇಲೂ ಗಡ್ಡ ದಟ್ಟವಾಗುತ್ತಾ ಹೋಗುತ್ತದೆ. ಹಾರ್ಮೋನಿಗೆ ಕೂದಲಿನ ಬುಡ ಎಷ್ಟು ಸ್ಪಂದಿಸುತ್ತದೆ ಎಂಬುದು ಬಹುಪಾಲು ವಂಶದಿಂದ ಬಂದದ್ದು. ಪದೇ ಪದೇ ಶೇವ್ ಮಾಡಿದರೆ ಕೂದಲು ಹೆಚ್ಚುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೆ.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದ ಔಷಧ. ಈಗ ನೆತ್ತಿಯ ಕೂದಲಿಗೆಂದು ಮಾರುವ ಅದನ್ನು ವೈದ್ಯರನ್ನು ಕೇಳದೆ ಗಡ್ಡ ಬರಲೆಂದು ಮುಖಕ್ಕೆ ಹಚ್ಚಬೇಡಿ. ದನಿ ಒಡೆಯದೆ, ಮೈಯ ಬೆಳವಣಿಗೆಯೇ ತಡವಾಗಿದ್ದರೆ ಸಂಕೋಚಪಡದೆ ಆಸ್ಪತ್ರೆಗೆ ಹೋಗಿ. ಉಳಿದವರು ಗಡ್ಡದೆಣ್ಣೆಗೆ ಸುರಿಯುವ ಸಂಬಳವನ್ನು ಉಳಿಸಿಕೊಳ್ಳಿ. ರೂಮಿನ ಗೆಳೆಯನ ನುಣ್ಣನೆಯ ಕೆನ್ನೆ ನೋಡಿ ಯಾರೂ ನಗಬೇಡಿ.